ಚಾತುರ್ಮಾಸಕ್ಕೆ ಬಿಟ್ಟ ಅಕ್ಷರಗಳು

ಸೊಸೆಯಾದವಳು ಮಾವನೆದುರು ಕೂತು ಮಾತಾಡಬಾರದು ಎಂದು ಕಟ್ಟಳೆ ಮಾಡಿದ ಹಿರಿಯರು ಇಂಗ್ಲಿಷ್ ಅಕ್ಷರಗಳ ಬಗ್ಗೆ ಏನೂ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ. ಆ ಒಂದು ಸಂದಿಯಲ್ಲೇ ಸ್ನೇಹಲ ಮತ್ತು ಅವಳ ಮಾವ ಆದಗೌಡ ಪಾಟೀಲರು ವರ್ಷಗಟ್ಟಲೆ ಮಾತಾಡಿಕೊಂಡು ಬಂದಿದ್ದರು.

ಕಾಗವಾಡದಿಂದ ಅಥಣಿ ಕಡೆಗೆ ಹೋಗುವ ರಸ್ತೆಗೆ ಮುಖಮಾಡಿ ಅವರ ಮನೆ. ಹಿಂದೆ ದ್ರಾಕ್ಷಿ ತೋಟ, ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೊಂದು ಕುರ್ಚಿ. ಆದಗೌಡರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮೊಮ್ಮಕ್ಕಳನ್ನು ಕಂಡ ಗಂಡಸರು ಕೂಡ ಅವರ ಮನೆಯ ಮುಂದೆ ಬಂದಾಗ ಮೋಟಾರ್ ಸೈಕಲ್ಲಿನ ವೇಗ ಇಳಿಸುತ್ತಿದ್ದರು. ನಿವೃತ್ತಿಯ ದಿನ ಶಾಲೆಯವರು ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡರು. ಆ ಗಡಿಯಾರ ತೋರಿಸುವ ಹೊತ್ತನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಕುರ್ಚಿಯಲ್ಲಿ ಕೂತರೆ ರಸ್ತೆಯೇ ಅವರ ಕ್ಲಾಸು. ಗಾಡಿಗಳ ನಂಬರ್ ಪ್ಲೇಟಿನಲ್ಲಿ ಚಿಕ್ಕೋಡಿಯ ಇಪ್ಪತ್ಮೂರೋ ಸಾಂಗಲಿಯ ಹತ್ತೋ ಆದ ಮೇಲೆ ಎರಡು ಅಕ್ಷರ ಇರುತ್ತವಲ್ಲ, ಅವನ್ನು ಹಿಡಿಯುವುದು. ಆ ಎರಡೂ ಅದೇ ಕ್ರಮದಲ್ಲಿ ಬರುವ ಇಂಗ್ಲಿಷ್ ಶಬ್ದವೊಂದನ್ನು ಹುಡುಕುವುದು. ನಡುವೆ ಎಷ್ಟು ಅಕ್ಷರ ನುಗ್ಗಿದರೂ ನಡೆಯುತ್ತದೆ, ಶಬ್ದ ಉದ್ದವಾದಷ್ಟೂ ಒಳ್ಳೆಯದು. ಅವರೇ ಕಟ್ಟಿದ ಆಟ, ಅವರೊಬ್ಬರೇ ಆಡುವ ಆಟ.

ಸ್ನೇಹಲ ನಿಪ್ಪಾಣಿಯ ಹುಡುಗಿ, ಬಿ.ಎಸ್ಸಿ. ಓದಿದವಳು. ಆದಗೌಡರ ಮಗ ಉತ್ತಮನನ್ನು ಮದುವೆಯಾಗಿ ಬಂದಾಗ ಅತ್ತೆ ರಾಜಮತಿ ಮನೆಯ ರೀತಿಯನ್ನು ಮೊದಲ ದಿನವೇ ತಿಳಿಸಿ ಹೇಳಿದ್ದಳು: ಮಾವನ ಮುಂದೆ ತಲೆಯ ಮೇಲೆ ಸೆರಗು, ಚಹಾ ಇಟ್ಟು ಬಾಗಿಲ ಮರೆಗೆ ಸರಿಯುವುದು, ಕೇಳಿದರೆ ಹೌದು, ಕೇಳದಿದ್ದರೆ ಇಲ್ಲ. ರಾಜಮತಿ ಕೆಟ್ಟವಳಲ್ಲ. ತನಗೆ ತನ್ನ ಅತ್ತೆ ಕಟ್ಟಿದ್ದ ಗಂಟನ್ನು ಹಾಗೇ ದಾಟಿಸಿದ್ದಳು, ಅಷ್ಟೇ. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಸ್ನೇಹಲ ಚಹಾ ಇಟ್ಟು ಬಾಗಿಲ ಹಿಂದೆ ನಿಂತಿದ್ದಾಗ ಹೊರಗೊಂದು ಟ್ರಕ್ ಹಾದು ಹೋಯಿತು. ಆದಗೌಡರು ತಮ್ಮಷ್ಟಕ್ಕೆ, "ಡಿ, ಕೆ... ಡಾರ್ಕ್‌ನೆಸ್" ಎಂದು ಗೊಣಗಿಕೊಂಡರು. ಬಾಗಿಲ ಹಿಂದಿನಿಂದ ಸಣ್ಣಗೆ ಒಂದು ದನಿ ಬಂತು: "ಹ್ಯಾಂಡ್‌ಕರ್ಚೀಫ್."

ಆದಗೌಡರು ತಿರುಗಿ ನೋಡಲಿಲ್ಲ. ಸೊಸೆಯ ಕಡೆ ತಿರುಗುವುದು ಅವರಿಗೂ ಮರ್ಯಾದೆಯಲ್ಲ. ಬೆರಳು ಮಡಚಿ ಮಡಚಿ ಎಣಿಸಿದರು. "ಹನ್ನೆರಡು," ಎಂದರು ರಸ್ತೆಗೆ. ಆಮೇಲೆ ಚಹಾ ಕುಡಿದರು. ಇಷ್ಟು ವರ್ಷ ಹಾಲು ಹೆಚ್ಚು, ಹಾಲು ಕಡಿಮೆ ಎಂದು ದೂರುತ್ತಿದ್ದ ಮನುಷ್ಯ ಅಂದು ಏನೂ ಅನ್ನಲಿಲ್ಲವಲ್ಲ ಎಂದು ರಾಜಮತಿಗೆ ಸೋಜಿಗವಾಯಿತು.

ಅಲ್ಲಿಂದ ಶುರು. ಅವರು ಕಟ್ಟೆಯ ಮೇಲೆ, ಅವಳು ಒಳಗಿನ ಪಡಸಾಲೆಯಲ್ಲಿ, ನಡುವೆ ಬಾಗಿಲು. ಅವಳು ಜೋಳ ಹಸನು ಮಾಡುತ್ತಿರಲಿ, ಸೊಪ್ಪು ಸೋಸುತ್ತಿರಲಿ, ಹೊರಗಿನಿಂದ ಎರಡು ಅಕ್ಷರ ಬೀಳುತ್ತಿದ್ದವು, ಒಳಗಿನಿಂದ ಒಂದು ಶಬ್ದ ಹೋಗುತ್ತಿತ್ತು. ಕೊನೆಗೊಂದು ಎಸ್ ಅಂಟಿಸಿ ಉದ್ದ ಮಾಡುವಂತಿಲ್ಲ, ಹೆಸರುಗಳು ನಡೆಯುವುದಿಲ್ಲ. ಒಮ್ಮೆ ಎಂ, ಜಿ ಬಂತು. ಮಾವ ಮ್ಯಾನೇಜ್‌ಮೆಂಟ್ ಎಂದರೆ ಸೊಸೆ ಅದಕ್ಕೆ ಮುಂದೆ ಬಾಲ ಹಚ್ಚಿ ಮಿಸ್‌ಮ್ಯಾನೇಜ್‌ಮೆಂಟ್ ಎಂದಳು. ಆಗತಾನೇ ಊರಿನ ಸೊಸೈಟಿಗೆ ಡೈರೆಕ್ಟರ್ ಆಗಿದ್ದ ಉತ್ತಮ ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ, ಯಾರಿಗೆ ಅಂತೀರಿ ಇದನ್ನ ಎಂದು ಕೇಳಿದ. ಬಾಗಿಲ ಆ ಕಡೆ ಒಂದು ನಗು, ಈ ಕಡೆ ಒಂದು ನಗು. ಬೇರೆ ಮಾತು ಅವರ ನಡುವೆ ಇರಲೇ ಇಲ್ಲ. ಇದೊಂದೇ ಇತ್ತು, ಇದು ಸಾಕಾಗಿಯೂ ಇತ್ತು.

ಇದು ಬರೀ ಹೊತ್ತು ಕಳೆಯುವ ಆಟ ಎಂದುಕೊಂಡವರು ಸ್ನೇಹಲಳ ತಂದೆ ತೀರಿದಾಗ ಆ ಮನೆಯಲ್ಲಿ ಇರಬೇಕಿತ್ತು. ನಿಪ್ಪಾಣಿಯಿಂದ ತಿರುಗಿ ಬಂದವಳು ಪಡಸಾಲೆಯ ಗೋಡೆಗೆ ಒರಗಿ ಕೂತಳು. ಅಳಲಿಲ್ಲ, ಉಣ್ಣಲಿಲ್ಲ, ಕರೆದರೆ ಓ ಅನ್ನಲಿಲ್ಲ. ರಾಜಮತಿ ಗದರಿ ನೋಡಿದಳು, ಮುದ್ದಿಸಿ ನೋಡಿದಳು. ಆದಗೌಡರು ಕಟ್ಟೆಯ ಮೇಲೆ ಕೂತು ಅಕ್ಷರ ಹೇಳುತ್ತಾ ಹೋದರು. ಉತ್ತರ ಬರದಿದ್ದರೂ ಮುಂದಿನ ಗಾಡಿಯದು ಹೇಳಿದರು, ಅದರ ಮುಂದಿನದು ಹೇಳಿದರು. ಮರುದಿನ ಕೂಡ ಹೇಳಿದರು. ಸಂಜೆ ಹೊತ್ತು ಒಳಗಿನಿಂದ ಒಂದು ಸಣ್ಣ ಶಬ್ದ, ನಾಲ್ಕೈದು ಅಕ್ಷರದ್ದು, ಹೊರಗೆ ಬಂತು. ಇಷ್ಟು ಗಿಡ್ಡ ಶಬ್ದಕ್ಕೆ ಎಂದೂ ಸುಮ್ಮನಿರದ ಮಾವ ಅಂದು ಶಹಬ್ಬಾಸ್ ಎಂದರು. ಆಗ ಅವಳಿಗೆ ಅಳು ಬಂತು. ಅತ್ತ ಮೇಲೆ ಹಸಿವೆಯಾಯಿತು.

ಅಂಥ ಆದಗೌಡರು ಈ ವರ್ಷ ಮಳೆಗಾಲದ ಆರಂಭದಲ್ಲಿ ಬಸದಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದರು. ಲಕ್ವಾ. ಮಿರಜಿನ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. ಊರಿನ ಅರ್ಧ ಮಂದಿಗೆ ಬಾಯಿಪಾಠ ಮಾಡಿಸಿದ ಬಾಯಿಂದ ಆ, ಆ ಎಂಬುದರ ಹೊರತು ಏನೂ ಬರಲೊಲ್ಲದು.

ಅವರಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಚಾತುರ್ಮಾಸ ಬಂತು. ಆ ಸಲ ಊರ ಬಸದಿಯಲ್ಲಿ ಒಬ್ಬ ಮಾತಾಜಿ, ಜೈನ ಸಾಧ್ವಿ, ನಾಲ್ಕು ತಿಂಗಳು ನೆಲೆಸಿದ್ದರು. ಮೊದಲ ದಿನ ಹೆಂಗಸರೆಲ್ಲ ಸಾಲಾಗಿ ಕೂತು ಒಬ್ಬೊಬ್ಬರೇ ಒಂದೊಂದು ನೇಮ ಹಿಡಿಯುವುದು ರೂಢಿ. ತನಗೆ ಪ್ರೀತಿಯಾದದ್ದನ್ನು ದೀಪಾವಳಿಯ ತನಕ ಬಿಡಬೇಕು. ಒಬ್ಬಳು ಬೆಲ್ಲ ಬಿಟ್ಟಳು, ಒಬ್ಬಳು ಟಿ.ವಿ.ಯ ಧಾರಾವಾಹಿ ಬಿಟ್ಟಳು. ಪಕ್ಕದ ಮನೆಯ ಸಾವಕ್ಕ ಪ್ರತಿ ವರ್ಷದಂತೆ ದ್ರಾಕ್ಷಿ ಬಿಟ್ಟಳು. ಮಳೆಗಾಲದಲ್ಲಿ ದ್ರಾಕ್ಷಿ ಯಾವ ಬಳ್ಳಿಯಲ್ಲಿ ಇರುತ್ತದೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ನೆರೆಹೊರೆ ಅಂದಮೇಲೆ ಇಷ್ಟು ದಾಕ್ಷಿಣ್ಯ ಇರಬೇಕು. ಸ್ನೇಹಲಳ ಸರದಿ ಬಂತು. ಅವಳಿಗೆ ಬದನೆಕಾಯಿ ಬಿಡುವುದು, ಚಹಾ ಬಿಡುವುದು ಹಾಸ್ಯವೆನಿಸಿತು. ಮಾವ ಅಲ್ಲಿ ನಾಲಿಗೆ ಕಳೆದುಕೊಂಡು ಮಲಗಿದ್ದಾರೆ. ಅವರ ಸಲುವಾಗಿ ಬಿಡುವುದಾದರೆ ಬಿಟ್ಟಾಗ ಕರುಳು ಚುರ್ ಅನ್ನಬೇಕು, ಅಂಥದ್ದು ಯಾವುದು? ಅಂಥದ್ದು ಒಂದೇ ಇತ್ತು.

ಏನು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ತನಗೆ ಎಲ್ಲಕ್ಕಿಂತ ಪ್ರೀತಿಯದು ಒಂದು ಇದೆ, ಅದನ್ನು ಬಿಡುತ್ತೇನೆ ಎಂದಳು. ಮಾತಾಜಿ, ಆದೀತೇ ನಿನ್ನಿಂದ ಎಂದು ಕೇಳಿದರು. ಆದೀತು ಎಂದಳು. ಮಾತಾಜಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು. ಸ್ನೇಹಲ ಮನೆಗೆ ಬರುವಾಗ ದೊಡ್ಡ ಬೆಲೆಯನ್ನೇ ಕೊಟ್ಟು ಮಾವನ ನಾಲಿಗೆಯನ್ನು ಬಿಡಿಸಿಕೊಂಡು ಬಂದಷ್ಟು ಹಗುರಾಗಿದ್ದಳು. ಪಾಪದ ಹುಡುಗಿ.

ಆದಗೌಡರು ಮನೆಗೆ ಬಂದರು. ಉತ್ತಮ ಅವರನ್ನು ಎತ್ತಿ ತಂದು ಕಟ್ಟೆಯ ಕುರ್ಚಿಯಲ್ಲಿ ಕೂಡಿಸುತ್ತಿದ್ದ. ಅವರು ರಸ್ತೆ ನೋಡುತ್ತಿದ್ದರು. ಶ್ರಾವಣದ ಒಂದು ಬೆಳಿಗ್ಗೆ, ಮಳೆ ಬಿಟ್ಟು ಹೊಳವಾಗಿತ್ತು, ಒಂದು ಟೆಂಪೊ ನಿಧಾನಕ್ಕೆ ಹೋಯಿತು. ಆದಗೌಡರ ಎಡಗೈ ಕುರ್ಚಿಯ ತೋಳನ್ನು ಬಿಗಿಹಿಡಿಯಿತು. ತುಟಿ ಅತ್ತಿತ್ತ ಹೊರಳಿದವು. ಆಮೇಲೆ ಸ್ಪಷ್ಟವಾಗಿ, ಕ್ಲಾಸಿನಲ್ಲಿ ಹೇಳುತ್ತಿದ್ದಷ್ಟೇ ಸ್ಪಷ್ಟವಾಗಿ, ಎರಡು ಅಕ್ಷರ ಹೊರಬಿದ್ದವು: "ಟಿ... ಸಿ."

ರಾಜಮತಿ ಕೈಯಲ್ಲಿದ್ದ ಮೊರ ಬಿಟ್ಟು ಓಡಿ ಬಂದಳು. ಉತ್ತಮ ತೋಟದಿಂದ ಓಡಿ ಬಂದ. ಮಾತು ಬಂತು, ಮಾತು ಬಂತು ಎಂದು ರಾಜಮತಿ ಬಸದಿಯ ಕಡೆಗೆ ಕೈಮುಗಿದು ಅತ್ತಳು. ಆದಗೌಡರು ಅವರಿಬ್ಬರನ್ನೂ ನೋಡಲಿಲ್ಲ. ಎಂದೂ ತಿರುಗದ ಮನುಷ್ಯ ಅಂದು ಕುತ್ತಿಗೆ ಹೊರಳಿಸಿ ಬಾಗಿಲ ಕಡೆಗೆ ನೋಡಿದರು. ಬಾಗಿಲ ಹಿಂದೆ ಸ್ನೇಹಲ ನಿಂತಿದ್ದಳು. ಥರ್ಮೋಡೈನಮಿಕ್ಸ್ ಎಂಬ ಶಬ್ದ ಅವಳ ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು. ಅವಳು ಹಲ್ಲು ಕಚ್ಚಿ ಅಡಿಗೆಮನೆಗೆ ಹೋಗಿ ಹಿಟ್ಟಿನಲ್ಲಿ ಎರಡೂ ಕೈ ಊರಿ ನಿಂತಳು. ಹೊರಗೆ ಮತ್ತೆ ಕೇಳಿಸಿತು, "ಟಿ, ಸಿ," ಈ ಸಲ ಪ್ರಶ್ನೆ ಕೇಳುವವರಂತೆ. ಆಮೇಲೆ ಇನ್ನೊಂದು ಸಲ.

ಅಂದು ಮಧ್ಯಾಹ್ನ ಅವಳು ಅತ್ತೆಗೂ ಗಂಡನಿಗೂ ತನ್ನ ನೇಮದ ವಿಷಯ, ಬಿಟ್ಟದ್ದು ಈ ಅಕ್ಷರಗಳ ಆಟವನ್ನೇ ಎಂದು, ಹೇಳಿದಳು, ಮಾವನಿಗೆ ಮಾತ್ರ ತಿಳಿಸಬೇಡಿ ಎಂದು ಕೈಹಿಡಿದು ಬೇಡಿಕೊಂಡಳು. ತಮ್ಮಿಂದ ಸೊಸೆಗೆ ಕಟ್ಟು ಬಿತ್ತೆಂದು ಅವರು ನೊಂದುಕೊಳ್ಳುತ್ತಾರೆ ಎಂದು ಅವಳ ಲೆಕ್ಕ.

ಮಿರಜಿನಲ್ಲಿ ಮಾತು ಕಲಿಸುವ ಒಬ್ಬ ಡಾಕ್ಟರ್ ಬಾಯಿ ಇದ್ದಳು. ವಾರಕ್ಕೊಮ್ಮೆ ಕರೆದೊಯ್ಯುತ್ತಿದ್ದರು. ಅಕ್ಷರಗಳ ಸುದ್ದಿ ಕೇಳಿ ಅವಳು ಖುಷಿಯಾದಳು. ಯಾವ ದಾರಿಯಿಂದ ಮಾತು ಬರುತ್ತದೋ ಆ ದಾರಿಯಿಂದಲೇ ಕರೆಯಿರಿ, ಈ ಆಟವನ್ನು ದಿನಾ ಆಡಿಸಿರಿ, ಮೊದಲ ಕೆಲವು ತಿಂಗಳೇ ಮುಖ್ಯ, ಆಮೇಲೆ ಹಾದಿ ಮುಚ್ಚಿಕೊಳ್ಳುತ್ತದೆ ಎಂದಳು. ಉದ್ದ ಮಾತು ಅವರಿಗೆ ತಿಳಿಯುವುದಿಲ್ಲ, ಎರಡು ಮೂರು ಶಬ್ದದಲ್ಲಿ ಹೇಳಿ ಎಂದೂ ಹೇಳಿದಳು. ಸ್ನೇಹಲ ಕೇಳಿಸಿಕೊಂಡಳು.

ಉತ್ತಮ ಮಾರನೆಯ ದಿನದಿಂದ ತಾನೇ ಆಡಲು ಕೂತ. ಪಾಪ, ಅವನ ಇಂಗ್ಲಿಷ್ ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಯ ಮೇಲಿನದು. ಅಪ್ಪ ಯಾವ ಅಕ್ಷರ ಹೇಳಿದರೂ ಟ್ರ್ಯಾಕ್ಟರ್ ಎನ್ನುತ್ತಿದ್ದ, ಅದು ನಡೆಯದಿದ್ದರೆ ಸ್ಪ್ರೇ ಎನ್ನುತ್ತಿದ್ದ. ಮೊದಲು ಆದಗೌಡರು ನಕ್ಕರು. ಆಮೇಲೆ ಮಗನ ತಲೆಯ ಮೇಲಿಂದ ಬಾಗಿಲ ಕಡೆ ನೋಡತೊಡಗಿದರು. ಒಂದು ದಿನ ಉತ್ತಮನಿಗೆ ತಡೆಯಲಾಗಲಿಲ್ಲ. ಒಳಗೆ ಬಂದು, ನೇಮ ಹರಿದು ಹಾಕು, ಪಾಪ ಬಂದರೆ ನನಗೆ ಬರಲಿ ಎಂದ. ರಾಜಮತಿ ನಡುವೆ ಬಂದಳು.

"ನೇಮ ಯಾರ ಸಲುವಾಗಿ ಹಿಡದಿರತೇವೋ, ಮುರದ್ರ ಅವರಿಗೇ ತಟ್ಟತೈತಿ. ಇನ್ನೊಮ್ಮೆ ಲಕ್ವಾ ಹೊಡದ್ರ ಏನ ಮಾಡ್ತಿ?"

ಆ ಮಾತು ಸ್ನೇಹಲಳ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಮಾತಾಜಿಯನ್ನು ಕೇಳಿ ಬಿಡಿಸಿಕೊಳ್ಳಬಹುದಿತ್ತಲ್ಲ ಎಂದು ನಮಗೆ ಅನ್ನಿಸುತ್ತದೆ. ದಂಡೆಯ ಮೇಲೆ ನಿಂತವರಿಗೆ ಈಜು ಸುಲಭ. ಆ ಮನೆಯಲ್ಲಿ ನೇಮವೆಂದರೆ ಆದಗೌಡರು ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲವೆಂದು ಹಿಡಿದದ್ದು. ರಾಯಬಾಗದಲ್ಲಿ ಪರೀಕ್ಷೆಯ ಕೆಲಸಕ್ಕೆ ಹೋದಾಗ ಹೊತ್ತು ಮೀರಿ, ಸಕ್ಕರೆ ಕಾಯಿಲೆಯ ಮನುಷ್ಯ ತಲೆ ತಿರುಗಿ ಬಿದ್ದರೂ ಒಂದು ತುತ್ತು ಬಾಯಿಗೆ ಇಟ್ಟಿರಲಿಲ್ಲ. ಮಾತಾಜಿಯವರಲ್ಲಿ ಹೋಗಿ ನೇಮ ಸಡಿಲಿಸಿಕೊಂಡು ಬರುವವರನ್ನು ಕಂಡರೆ, ಸಾಲ್ಯಾಗಷ್ಟ ಅಲ್ಲ, ನೇಮದಾಗೂ ಸೂಟಿ ಕೇಳ್ತಾವ ಮಕ್ಕಳು ಎಂದು ನಗುತ್ತಿದ್ದರು. ಆ ನಗುವಿಗೆ ಸ್ನೇಹಲ ಹೆದರಿದಳು. ಅವರ ಸೊಸೆ ಅನ್ನಿಸಿಕೊಳ್ಳುವ ಆಸೆಯೂ ಅದರಲ್ಲಿ ಇತ್ತು, ಸುಳ್ಳೇಕೆ.

ದಿನ ಕಳೆದವು. ಹೊರಗಿನಿಂದ ಅಕ್ಷರ ಬರುತ್ತಿದ್ದವು. ಒಳಗೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ಕೆಲಸ ಮಾಡುತ್ತಿದ್ದಳು. ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದು ಕ್ಷಮಾವಣಿ ಬಂತು. ಅಂದು ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಕ್ಷಮೆ ಕೇಳುವುದು, ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ. ಸ್ನೇಹಲ ಮಾವನ ಕಾಲು ಮುಟ್ಟಿ ಕ್ಷಮೆ ಕೇಳಿದಳು. ಅವರು ಎಡಗೈ ಅವಳ ತಲೆಯ ಮೇಲಿಟ್ಟರು. ಅವರ ಬಾಯಿಂದ ಏನೋ ಎರಡು ಅಕ್ಷರ ಬಂದವು, ರಸ್ತೆಯಲ್ಲಿ ಗಾಡಿಯೇ ಇರಲಿಲ್ಲ, ಸುಮ್ಮನೆ ತಾವಾಗಿ ಹೇಳಿದ್ದು. ಅವಳು ಎದ್ದು ಒಳಗೆ ಓಡಿದಳು.

ಮಾರನೆಯ ದಿನದಿಂದ ಅಕ್ಷರ ನಿಂತವು. ಆದಗೌಡರು ಎಡಗೈಯಿಂದ ಸನ್ನೆ ಮಾಡಿ ಕುರ್ಚಿಯನ್ನು ತಿರುಗಿಸಿ ಹಾಕಿಸಿಕೊಂಡರು. ಬೆನ್ನು ರಸ್ತೆಗೆ, ಮುಖ ಗೋಡೆಗೆ. ಉತ್ತಮ ಎರಡು ಸಲ ಸರಿಯಾಗಿ ಹಾಕಿದ. ಎರಡು ಸಲವೂ ಮತ್ತೆ ತಿರುಗಿಸಿ ಹಾಕಿಸಿದರು. ಲಾರಿ ಬಂದರೂ ಅಷ್ಟೆ, ಬಸ್ಸು ಬಂದರೂ ಅಷ್ಟೆ. ತನ್ನ ಮೇಲಿನ ಸಿಟ್ಟಿಗೆ ಮಾವ ರಸ್ತೆಯನ್ನೇ ಬಿಟ್ಟರು ಎಂದು ಸ್ನೇಹಲ ತಿಳಿದಳು. ಮಿರಜಿನ ಡಾಕ್ಟರ್ ಬಾಯಿ, ಯಾಕೆ ಇವರು ಹಿಂದೆ ಬಿದ್ದರು, ಮೊದಲು ಬರುತ್ತಿದ್ದದ್ದೂ ಈಗ ಬರುತ್ತಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದಳು. ಅಂದು ಸ್ನೇಹಲಳ ಹಟ ಮುರಿಯಿತು. ನಕ್ಕರೆ ನಗಲಿ, ತಟ್ಟಿದರೆ ತನಗೆ ತಟ್ಟಲಿ ಎಂದುಕೊಂಡು ನವರಾತ್ರಿಯ ಒಂದು ಮಧ್ಯಾಹ್ನ ಬಸದಿಗೆ ಹೋಗಿ ಮಾತಾಜಿಯ ಮುಂದೆ ಕೂತಳು.

ಎಲ್ಲ ಹೇಳಿದಳು. ಬಿಟ್ಟದ್ದು ಏನು ಎಂಬುದನ್ನು ಅವರ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮಾತಾಜಿ ಆಟದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದರು. ಯಾರು ಮೊದಲು ಹೇಳುವವರು, ನೀನು ಉತ್ತರ ಕೊಡದಿದ್ದರೆ ಅವರು ಯಾರ ಜೊತೆ ಆಡುತ್ತಾರೆ, ಎಂದು. ಆಮೇಲೆ ಮೆಲ್ಲಗೆ ಹೇಳಿದರು.

"ನೀ ಬಿಟ್ಟಿದ್ದು ನಿಂದಲ್ಲವ್ವಾ, ಅವರದು. ಬ್ಯಾರೆಯವರ ತಾಟಿನಾಗಿನ ಅನ್ನಾ ಬಿಟ್ರ ಅದು ಉಪವಾಸ ಆಗೂದಿಲ್ಲ."

ಸ್ನೇಹಲ ಇಷ್ಟು ದಿನ ತಾನು ಹಸಿದಿದ್ದೇನೆ ಎಂದುಕೊಂಡಿದ್ದಳು. ಹಸಿದವರು ಯಾರು ಎಂದು ಈಗ ಕಂಡಿತು. ಮಾತಾಜಿ ಪ್ರಾಯಶ್ಚಿತ್ತಕ್ಕೆ ಒಂದು ಜಪ ಹೇಳಿಕೊಟ್ಟು, ಮನೆಗೆ ಹೋಗು, ತಡಮಾಡಬೇಡ ಎಂದರು.

ಅವಳು ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ನಡೆದಳು. ಮನೆಗೆ ಬಂದವಳು ಬಾಗಿಲ ಹಿಂದೆ ಹೋಗಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಮಾವನ ಎದುರು, ಕಟ್ಟೆಯ ಕಲ್ಲಿನ ಮೇಲೆ ಕೂತಳು. ಆದಗೌಡರು ಗಾಬರಿಯಾಗಿ ನೋಡಿದರು. ರಸ್ತೆಯಲ್ಲಿ ಒಂದು ಜೀಪು ಬರುತ್ತಿತ್ತು, ಅದರ ಪ್ಲೇಟು ಅವಳಿಗೆ ಕಾಣುತ್ತಿತ್ತು.

"ಮಾಮಾ, ಎಸ್, ಪಿ," ಎಂದಳು.

ಅವರು ಗೋಡೆಯ ಕಡೆ ಮುಖ ಹೊರಳಿಸಿದರು. ಅವಳು ಮತ್ತೆ ಹೇಳಿದಳು. ಆಮೇಲೆ ಬೇಕೆಂದೇ ಒಂದು ಗಿಡ್ಡ ಶಬ್ದ ಹೇಳಿದಳು: ಸ್ಲೀಪ್. ಕರೆಸ್ಪಾಂಡೆನ್ಸ್‌ನಂಥ ಉದ್ದದ ಶಬ್ದವಿರುವಾಗ ಯಾರಾದರೂ ಸ್ಲೀಪ್ ಎಂದರೆ ಆ ಮಾಸ್ತರಿಗೆ ಮೈ ಉರಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗೇ ಆಯಿತು. ಅವರ ಕಣ್ಣು ಹೊಳೆದವು. ಎಡಗೈಯ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಮಡಚತೊಡಗಿದವು, ಐದೂ ಮುಗಿದು ಮತ್ತೆ ಮೊದಲಿನಿಂದ. ತುಟಿ ತೆರೆದವು. ಶಬ್ದ ಬಾಯಿಯ ತನಕ ಬಂದಿತ್ತು, ಅದನ್ನು ಅವಳು ಕಣ್ಣಾರೆ ಕಂಡಳು. ಅಷ್ಟರಲ್ಲಿ ಆದಗೌಡರು ತುಟಿ ಮುಚ್ಚಿಕೊಂಡರು. ಬೆರಳನ್ನು ತುಟಿಯ ಮೇಲಿಟ್ಟುಕೊಂಡು ತಲೆಯಾಡಿಸಿದರು, ಬಸದಿಯ ದಿಕ್ಕಿಗೆ ಕೈ ತೋರಿಸಿದರು. ಆಮೇಲೆ ನಕ್ಕರು. ಅಷ್ಟು ಪ್ರೀತಿಯ ನಗುವನ್ನು ಅವಳು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಅವರ ಮುಖವನ್ನೇ ಅವಳು ಹೆಚ್ಚು ಕಂಡಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರಾಜಮತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು. ಕ್ಷಮಾವಣಿಯ ದಿನ ಸೊಸೆ ಒಳಗೆ ಓಡಿದ ಮೇಲೆ ಅವರು ತುಂಬ ಸಂಕಟಪಟ್ಟಿದ್ದರು. ನೋಡಲಾರದೆ ರಾಜಮತಿ, ಅವಳು ನಿಮ್ಮ ಸಲುವಾಗಿ ಅಕ್ಷರ ಬಿಟ್ಟಿದ್ದಾಳೆ, ದೀಪಾವಳಿಯ ತನಕ, ಎಂದು ಸಣ್ಣ ಸಣ್ಣ ಮಾತಿನಲ್ಲಿ ತಿಳಿಸಿದ್ದಳು. ಅವರಿಗೆ ತಿಳಿಯಿತು. ಎಡಗೈಯೊಂದನ್ನೇ ಎದೆಗೆ ಹಚ್ಚಿ ಕಣ್ಣು ಮುಚ್ಚಿದರು, ತಾವೂ ಬಿಟ್ಟಂತೆ. ಸೊಸೆಗೆ ಆಸೆ ಹುಟ್ಟಬಾರದೆಂದು ಕುರ್ಚಿ ತಿರುಗಿಸಿಕೊಂಡರು. ಇದನ್ನು ಅವಳಿಗೆ ಹೇಳಬೇಡ ಎಂದು ಹೆಂಡತಿಗೆ ಸನ್ನೆ ಮಾಡಿದರು. ಗಂಡನ ಮಾತು ಮೀರದ ಹೆಂಗಸು, ಸನ್ನೆಯನ್ನೂ ಮೀರಲಿಲ್ಲ.

ಸ್ನೇಹಲ ಮಾವನ ಕಾಲ ಹತ್ತಿರ ಕೂತು ತಿಳಿಸಿ ಹೇಳಲು ನೋಡಿದಳು. ಅದು ನೇಮವೇ ಅಲ್ಲವಂತೆ, ಮಾತಾಜಿಯೇ ಹೇಳಿದರು, ತಾನು ತಪ್ಪು ಮಾಡಿದೆ, ಎಂದು. ಆ ಮಾತು ಅವರಿಗೆ ಉದ್ದವಾಯಿತು. ಬೇರೆಯವರ ತಾಟು, ಉಪವಾಸ, ಇದನ್ನೆಲ್ಲ ಎರಡು ಶಬ್ದದಲ್ಲಿ ಹೇಗೆ ಹೇಳುವುದು? ಕೊನೆಗೆ, "ಮಾತಾಜಿ ಬಿಡಿಸ್ಯಾರ್ರಿ," ಎಂದಳು. ಆದಗೌಡರು ಅದನ್ನು ತಿಳಿದುಕೊಂಡರು, ಆದರೆ ನಂಬಲಿಲ್ಲ. ಜೀವಮಾನವೆಲ್ಲ ಹುಡುಗರ ನೆಪ ಕೇಳಿದ ಮಾಸ್ತರು. ತೋರುಬೆರಳು ಎತ್ತಿ, ಕಳ್ಳೀ, ಎನ್ನುವಂತೆ ಅಲ್ಲಾಡಿಸಿದರು. ಇನ್ನು ಸ್ವಲ್ಪವೇ ದಿನ ಉಳಿದಿದೆ, ತಡೆದುಕೋ ಎಂಬಂತೆ ಅವಳ ತಲೆ ಸವರಿದರು.

ಅವಳು ಮತ್ತೆ ಬಸದಿಗೆ ಹೋಗಿ, ನೀವೇ ಬಂದು ಒಂದು ಮಾತು ಹೇಳಿ, ನಿಮ್ಮದಾದರೆ ನಂಬುತ್ತಾರೆ ಎಂದು ಮಾತಾಜಿಯನ್ನು ಬೇಡಿಕೊಂಡಳು. ಮಾತಾಜಿ ಉಪವಾಸದಲ್ಲಿದ್ದರು, ಮೈಯಲ್ಲಿ ಶಕ್ತಿ ಇರಲಿಲ್ಲ. ಪಾರಣೆ ಆದ ಮೇಲೆ ಬರುತ್ತೇನೆ ಎಂದರು. ಸ್ನೇಹಲ ಅಂಗಳ ಸಾರಿಸಿದಳು. ಮಾತಾಜಿ ಬಂದ ಮೇಲೆ ಮೊದಲು ಯಾವ ಗಾಡಿ ಬಂದರೂ ಉದ್ದದ ಶಬ್ದ ಮಾವನೇ ಹೇಳಲಿ, ತಾನು ಸೋಲುತ್ತೇನೆ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು.

ಮಾತಾಜಿ ಬರುವ ಹಿಂದಿನ ದಿನ ಬೆಳಿಗ್ಗೆ ಆದಗೌಡರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಮಿರಜು ಮುಟ್ಟುವ ಮೊದಲೇ, ಗಾಡಿಯಲ್ಲಿಯೇ, ಉತ್ತಮನ ತೋಳಿನ ಮೇಲೆ ಜೀವ ಹೋಯಿತು. ಸೂತಕದ ಮನೆಗೆ ಮಾತಾಜಿ ಬರುವಂತಿರಲಿಲ್ಲ.

ರಾಜಮತಿ ಹಗಲೆಲ್ಲ ಸ್ನೇಹಲಳ ಮುಖ ನೋಡುತ್ತಿದ್ದಳು. ನೇಮ ಮುರಿದರೆ ಅವರಿಗೇ ತಟ್ಟುತ್ತದೆ ಎಂದ ತನ್ನ ಮಾತನ್ನೇ ನೆನೆಯುತ್ತಿದ್ದಾಳೆಂದು ಸ್ನೇಹಲಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಮಾತಾಜಿಯ ಮಾತು ನಿಜವಿದ್ದರೆ ತಟ್ಟಲು ಅಲ್ಲಿ ನೇಮವೇ ಇರಲಿಲ್ಲ. ಇದ್ದದ್ದು ಮಾತು ಬತ್ತಿ ಕೂತಿದ್ದ ಒಬ್ಬ ಮನುಷ್ಯ, ಒಳಗೆ ಉತ್ತರ ಇಟ್ಟುಕೊಂಡು ನಿಂತಿದ್ದ ಒಬ್ಬ ಸೊಸೆ. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ಊರ ಹೆಂಗಸರು ಮಾತಾಡಿಸಲು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿ ಎಲ್ಲರೂ ಸುತ್ತ ಕೂತಿದ್ದರು. ಮಾತಾಜಿಯ ಮುಂದೆ ಸ್ನೇಹಲ ಏನು ಬಿಟ್ಟಿದ್ದಳೆಂಬುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಮುರಿದ ಸುದ್ದಿ ಮಾತ್ರ ಮನೆಯ ಹೊಸ್ತಿಲು ದಾಟಿರಲಿಲ್ಲ. ಆಸ್ಪತ್ರೆಯ ಮಾತು, ಹಣೆಬರಹದ ಮಾತು ಎಲ್ಲ ಮುಗಿದ ಮೇಲೆ ಸಾವಕ್ಕ ನಿಟ್ಟುಸಿರು ಬಿಟ್ಟಳು.

"ಇಂಥಾ ಸೊಸಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ ನೋಡ. ಮಾವನ ಜೀವಾ ಹೋದ್ರೂ ನೇಮ ಬಿಡಲಿಲ್ಲ ಹುಡುಗಿ."

ಹೌದು ಹೌದು ಎಂದು ಉಳಿದವರು ತಲೆಯಾಡಿಸಿದರು. ತಮ್ಮ ಸೊಸೆಯರಿಗೆ ಇದನ್ನು ಹೋಗಿ ಹೇಳಬೇಕು ಎಂದು ಒಬ್ಬಳು ಅಂದಳು. ಹೊಗಳಿಕೆ ಬೇಡವೆಂದು ಕೈಯಲ್ಲಿ ತಳ್ಳಿದಷ್ಟೂ ಮತ್ತೆ ಮತ್ತೆ ತಂದು ಬಡಿಸಿದರು. ಸ್ನೇಹಲ ತಲೆ ತಗ್ಗಿಸಿ ಕೂತು ಕೇಳಿಸಿಕೊಂಡಳು, ಎಷ್ಟು ತಡೆಯಬಹುದೋ ಅಷ್ಟು ತಡೆದಳು. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನೇಮ ನಾ ಮುರದಿದ್ನಿ ಸಾವಕ್ಕಾ. ಮುರೀಲಾರದವರು ಅವರು."

ಹೆಂಗಸರು ಮುಖ ಮುಖ ನೋಡಿಕೊಂಡರು. ದುಃಖದಲ್ಲಿ ಏನೇನೋ ಅನ್ನುತ್ತಾಳೆ ಎಂದುಕೊಂಡು ಯಾರೋ ನೀರು ತರಲು ಎದ್ದರು. ರಾಜಮತಿ ಸರಿದು ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು, ಸಾಕು ಬ್ಯಾಡ ಎಂದಳು. ಸ್ನೇಹಲ ಅತ್ತೆಯ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಉಳಿದದ್ದನ್ನು ಅವಳಿಗೇ ಹೇಳಿದಳು.

"ಅವರ ಬಾಯಾಗ ಶಬ್ದ ಬಂದಿತ್ರಿ ಅತ್ತಿ. ನನ್ನ ಸಲುವಾಗಿ ನುಂಗಿಬಿಟ್ರು."